ನವ್ರೂಜ್‌ವರೆಗೆ ಉಳಿದ ಹಣ್ಣು

ಕೋಕ್‌ಯಾಪ್, ಖೀವಾ ಹತ್ತಿರ
ಏಪ್ರಿಲ್ ೯, ೨೦೨೪

ಪ್ರೀತಿಯ ತಮ್ಮ ಮತ್ಯಾಕುಬನಿಗೆ,

ನಿನ್ನಕ್ಕ ಬಿಕಾಜಾನ್ ತಲೆ ಸವರಿ ಹರಸಿದ್ದಾಳೆಂದುಕೋ. ನೀನು, ದಿಲ್ಫುಜಾ, ಮಕ್ಕಳು ಎಲ್ಲರೂ ತಾಷ್ಕೆಂಟಿನಲ್ಲಿ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನಾವೂ ಚೆನ್ನಾಗಿದ್ದೇವೆ. ನಿನ್ನ ಪತ್ರ, ಅದರ ಜೊತೆ ನಾನು ಸಹಿ ಹಾಕಬೇಕೆಂದು ನೀನು ಕಳಿಸಿದ ಕಾಗದ, ಎರಡೂ ಫೆಬ್ರವರಿಯಲ್ಲೇ ಬಂದವು. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಹೊಲಕ್ಕೆ ನೀರು ಕಟ್ಟಿ ಮಣ್ಣಿನ ಉಪ್ಪು ತೊಳೆಯುವ ಕೆಲಸವಿತ್ತು, ನಿನ್ನ ಭಾವ ರೋಜಿಂಬಾಯಿಗೆ ಮಂಡಿ ಹಿಡಿದುಕೊಂಡಿತ್ತು, ಕಪ್ಪು ಹಸು ಕರು ಹಾಕಿತು ಎಂದೆಲ್ಲ ಬರೆಯಬಹುದು. ಎಲ್ಲವೂ ನಿಜವೇ. ಆದರೆ ತಡವಾದದ್ದು ಸಿಟ್ಟಿನಿಂದ. ಸಿಟ್ಟು ಇಳಿಯಲಿ, ಆಮೇಲೆ ಬರೆಯೋಣ ಎಂದು ಕಾದೆ. ಇಳಿಯಲಿಲ್ಲ, ಅದಕ್ಕೆ ಈಗ ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನೀನು "ಅಕ್ಕಾ, ಮೀಟಿಂಗಲ್ಲಿದೀನಿ" ಅನ್ನುತ್ತೀಯ. ಪತ್ರವಾದರೆ ನಿನ್ನ ಮೀಟಿಂಗ್ ಮುಗಿಯುವ ತನಕ ಮೇಜಿನ ಮೇಲೆ ಸುಮ್ಮನೆ ಕೂತಿರುತ್ತದೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಸಹಿ ಹಾಕುವುದಿಲ್ಲ.

ಅಕ್ಟೋಬರಿನಲ್ಲಿ ಏನಾಯಿತೆಂದು ನಿನ್ನ ಬೀಜದ ಕಂಪನಿಯವರು ನಿನಗೆ ಒಂದು ರೀತಿ ಹೇಳಿರುತ್ತಾರೆ. ನಡೆದದ್ದು ಇಷ್ಟು. ನನ್ನ ದೊಡ್ಡ ಮಗ ಶೋನಜರ್ ಪ್ರತಿ ವರ್ಷದ ಹಾಗೆ ಊರಿನವರೆಲ್ಲರ ಬೆಶಿಕ್ ಕರಬೂಜದ ಹಣ್ಣನ್ನು ಲಾರಿಗೆ ತುಂಬಿಕೊಂಡು ಕಜಕ್ ಗಡಿಗೆ ಹೋದ. ಅಲ್ಲಿ ಕಸ್ಟಮ್ಸಿನವನು ಒಂದು ಪೆಟ್ಟಿಗೆ ಬಿಚ್ಚಿ, ಹಣ್ಣನ್ನು ಎತ್ತಿ ತಿರುಗಿಸಿ, ತನ್ನ ಫೋನಿನಲ್ಲಿದ್ದ ಚಿತ್ರದ ಪಕ್ಕ ಹಿಡಿದು ನೋಡಿದನಂತೆ. ಇದು ಬೆಶಿಕ್ ಅಲ್ಲ, ಓಲ್ತಿನ್-ಏಳು ಎಂಬ ನೋಂದಾಯಿತ ತಳಿ, ಒಡೆಯರ ಅನುಮತಿ ಪತ್ರ ತೋರಿಸು ಎಂದನಂತೆ. ಶೋನಜರ್ ನಿನಗೆ ಗೊತ್ತಲ್ಲ, ಸುಮ್ಮನಿರುವವನಲ್ಲ.

"ಒಡೆಯರಾ? ನಮ್ಮಮ್ಮ. ಮನೇಲಿದಾಳೆ, ಬೇಕಾದ್ರೆ ಫೋನ್ ಹಚ್ಚಿ ಕೊಡ್ತೀನಿ, ನೀವೇ ಮಾತಾಡಿ" ಎಂದನಂತೆ.

ಆ ಮನುಷ್ಯನಿಗೆ ನಗು ಬರಲಿಲ್ಲ. ಆರು ದಿನ ಲಾರಿ ಅಲ್ಲೇ ನಿಂತಿತು. ಕೊನೆಗೆ ನಕಲಿ ಮಾಲು ಎಂದು ಬರೆದು ವಾಪಸು ಅಟ್ಟಿದರು. ನಮ್ಮ ಹಣ್ಣು ನಕಲಿ! ಪಕ್ಕದ ಮನೆಯ ಸಾನಾಬಾರ್ ಆ ದಿನ ಲಾರಿಯ ಮುಂದೆ ನಿಂತು ತನ್ನ ಪೆಟ್ಟಿಗೆಗಳನ್ನು ಎಣಿಸಿದಳು. ಅವಳ ಗಂಡ ತೀರಿಕೊಂಡ ಮೇಲೆ ಅವಳ ಮನೆಯ ಚಳಿಗಾಲ ನಡೆಯುವುದೇ ಆ ಲಾರಿಯಿಂದ. ಎಲ್ಲವನ್ನೂ ಉರ್ಗೆಂಚ್ ಬಜಾರಿನಲ್ಲಿ ಸಿಕ್ಕಿದ ಬೆಲೆಗೆ ಸುರಿದು ಬಂದೆವು.

ಒಡೆಯ ಯಾರು ಎಂದು ವಿಚಾರಿಸಲು ನಾನು ಜಿಲ್ಲಾ ಕಚೇರಿಗೆ ಹೋದೆ. ಅಲ್ಲಿ ಕೋಮಿಲ್ ಎಂಬ ಕೃಷಿ ಅಧಿಕಾರಿ, ಚಿಕ್ಕ ವಯಸ್ಸಿನವನು, ಒಳ್ಳೆಯವನು, ಕಂಪ್ಯೂಟರ್ ನೋಡಿ ಹೇಳಿದ. ಪ್ರಮಾಣಪತ್ರ ಕಂಪನಿಯ ಹೆಸರಿನಲ್ಲಿದೆ, ತಳಿಯನ್ನು ಸೃಷ್ಟಿಸಿದವರು ಡಾಕ್ಟರ್ ಮತ್ಯಾಕುಬ್ ಎಂದಿದೆ ಎಂದ. ನನ್ನ ತಮ್ಮ ಎಂದು ನಾನು ಹೇಳಲಿಲ್ಲ. ಅವನು ಚಹಾ ತರಿಸಿದ, ಕುಡಿದು ಬಂದೆ.

ಆಮೇಲೆ ಅವನೇ ಊರಿಗೆ ಬಂದು ನಮ್ಮ ಶಾಲೆಯಲ್ಲಿ ಸಭೆ ಮಾಡಿದ. ದೇಶ ವಿಶ್ವ ವ್ಯಾಪಾರ ಸಂಸ್ಥೆಗೆ ಸೇರಲು ಹೊರಟಿದೆ, ಅಲ್ಲಿ ಸೇರಬೇಕಾದರೆ ಒಬ್ಬರು ಕಂಡುಹಿಡಿದದ್ದನ್ನು ಇನ್ನೊಬ್ಬರು ಮುಟ್ಟದ ಹಾಗೆ ಕಾನೂನು ಕಾಯಬೇಕು, ಬೀಜಕ್ಕೂ ಅದೇ ಕಾನೂನು ಎಂದು ವಿವರಿಸಿದ. ತಳಿ ಎನಿಸಿಕೊಳ್ಳಬೇಕಾದರೆ ಅದು ಹೊಸದಾಗಿರಬೇಕು, ಬೇರೆ ತಳಿಗಳಿಗಿಂತ ಬೇರೆಯಾಗಿ ಕಾಣಬೇಕು, ಹೊಲದ ಹಣ್ಣೆಲ್ಲ ಒಂದೇ ತೆರನಾಗಿರಬೇಕು, ವರ್ಷ ವರ್ಷವೂ ಹಾಗೆಯೇ ಬರಬೇಕು. ನಮ್ಮ ಬೆಶಿಕ್ ಸಾನಾಬಾರಳ ಹೊಲದಲ್ಲಿ ಉದ್ದ, ನನ್ನ ಹೊಲದಲ್ಲಿ ಗುಂಡಗೆ, ಕಾಲುವೆಯಾಚೆ ಸ್ವಲ್ಪ ಹಸಿರು. ಹಾಗಾಗಿ ಕಾನೂನಿನ ಕಣ್ಣಿಗೆ ಅದು ತಳಿಯೇ ಅಲ್ಲವಂತೆ. ಹೆಂಗಸರು ಮುಖ ಮುಖ ನೋಡಿಕೊಂಡರು. ನಾನು ಎದ್ದು ನಿಂತೆ.

"ಕೋಮಿಲ್, ನಿಮ್ಮಮ್ಮನಿಗೆ ಎಷ್ಟು ಮಕ್ಕಳಪ್ಪ?"

"ನಾಲ್ಕು ಜನ, ಅಮ್ಮ."

"ಎಲ್ಲಾ ಒಂದೇ ತರ ಇದೀರಾ?"

"ಇಲ್ಲಮ್ಮ."

"ಹಾಗಾದ್ರೆ ನಿಮ್ಮನ್ನ ಆಯಮ್ಮ ಹೆತ್ತಿಲ್ಲ ಅಂತ ಬರ್ಕೊಳ್ಳಲಾ?"

ಸಭೆಯೆಲ್ಲ ನಕ್ಕಿತು, ಅವನೂ ನಕ್ಕ. ಆಮೇಲೆ ನೋಂದಣಿಗೆ ತಕರಾರು ಸಲ್ಲಿಸುವ ಹಕ್ಕು ನಮಗಿದೆ, ಏಪ್ರಿಲ್ ಮೂವತ್ತರ ತನಕ ಸಮಯವಿದೆ ಎಂದ. ತಕರಾರಿನಲ್ಲಿ ನಾವು ಗೆಲ್ಲದಿದ್ದರೆ ಬೆಶಿಕ್ ಅನ್ನು ಇನ್ನು ಯಾವ ಹೆಸರಿನಲ್ಲೂ ಗಡಿ ದಾಟಿಸುವ ಹಾಗಿಲ್ಲ, ಬೀಜವನ್ನು ಕಂಪನಿಯಿಂದಲೇ ಕೊಳ್ಳಬೇಕು. ಇದಾದ ಹತ್ತು ದಿನಕ್ಕೆ ನಿನ್ನ ಕಾಗದ ಬಂತು.

ಮತ್ಯಾಕುಬ್, ಆ ಕಾಗದವನ್ನು ಮೊಮ್ಮಗಳ ಕೈಲಿ ಮೂರು ಸಲ ಓದಿಸಿದೆ. ನೀರು ಬಾರದ ಆ ಬರದ ವರ್ಷದಲ್ಲಿ ಕೋಕ್‌ಯಾಪಿನ ಬೀಜವೆಲ್ಲ ಬೆರಕೆಯಾಗಿ ನಾಶವಾಯಿತು, ಡಾಕ್ಟರ್ ಮತ್ಯಾಕುಬ್ ಅಲ್ಲಲ್ಲಿ ಉಳಿದ ಗಿಡಗಳಿಂದ ಹೊಸ ತಳಿ ಕಟ್ಟಿದರು, ಇದಕ್ಕೆ ನಾನು ಸಾಕ್ಷಿ ಎಂದು ನಾನು ಹೇಳಬೇಕು. ಆ ಬರದ ವರ್ಷದಲ್ಲಿ ನಾನು ಕಾಲುವೆಯ ತಳದ ಕೆಸರನ್ನು ಬಕೆಟ್‌ನಲ್ಲಿ ಹೊತ್ತು ಹನ್ನೆರಡು ಬಳ್ಳಿ ಉಳಿಸಿದ್ದೆ. ಅವುಗಳ ಹಣ್ಣನ್ನು ಸೀಳಿ ಒಣಗಿಸಿ ಹೆಣೆದ ಜಡೆಗಳನ್ನು ಮಾರಿ ನಿನ್ನ ಡಾಕ್ಟರೇಟ್ ಪ್ರಬಂಧ ಅಚ್ಚು ಹಾಕಿಸಿದ್ದು ಮರೆತೆಯಾ? ಬೀಜ ಸತ್ತಿತ್ತು ಎಂದು ನನ್ನ ಕೈಯಿಂದಲೇ ಬರೆಸಬೇಕು ಅಂತ ನಿನಗೆ ಹೇಗೆ ಅನಿಸಿತು?

ನಿನ್ನ ವಾದವನ್ನೂ ನಾನು ಕೇಳಿಸಿಕೊಂಡಿದ್ದೇನೆ, ಅನ್ಯಾಯವಾಗಿ ಬೈಯುವುದಿಲ್ಲ. ನಾವು ನೋಂದಾಯಿಸದಿದ್ದರೆ ನಾಳೆ ಹೊರದೇಶದವರು ಬಂದು ನೋಂದಾಯಿಸುತ್ತಾರೆ, ಆಗ ಕೇಳುವವರೇ ಇರುವುದಿಲ್ಲ, ಈಗಾದರೆ ನಮ್ಮವರ ಕೈಯಲ್ಲೇ ಇರುತ್ತದೆ, ಕಂಪನಿ ಊರಿನವರ ಹಣ್ಣನ್ನೆಲ್ಲ ಕೊಳ್ಳುತ್ತದೆ ಎಂದು ಬರೆದಿದ್ದೀಯ. ಅಂದರೆ ಕಳ್ಳ ಬಂದಾನು ಎಂದು ಹೆದರಿ ಅಕ್ಕನ ಮನೆಯನ್ನು ನಿನ್ನ ಹೆಸರಿಗೆ ಬರೆಸಿಕೊಂಡೆ. ಈಗ ನನಗೆ ನನ್ನ ಮನೆಯಲ್ಲೇ ಬಾಡಿಗೆಗೆ ಜಾಗ ಕೊಡುತ್ತೇನೆ ಎನ್ನುತ್ತೀಯ. ಹೆದರಿಕೆ ಇದ್ದದ್ದು ನಿಜವೇ ಇರಬಹುದು. ಊರಿನ ಹೆಸರಿನಲ್ಲಿ ಬರೆಸಬಹುದಿತ್ತು, ಆ ಕಾನೂನೂ ಇದೆಯಂತೆ, ಕೋಮಿಲ್ ಹೇಳಿದ. ನಿನಗೆ ಗೊತ್ತಿಲ್ಲದೆ ಇರುತ್ತದೆಯೇ?

ಈಗ ನವ್ರೂಜ್ ಹಬ್ಬದ ಸುದ್ದಿ ಕೇಳು. ಕಂಪನಿಯವರು ಹೋದ ವರ್ಷ ಪಕ್ಕದ ಊರಿನಲ್ಲಿ ಓಲ್ತಿನ್-ಏಳನ್ನು ಪ್ರದರ್ಶನಕ್ಕೆಂದು ಬೆಳೆದಿದ್ದರಲ್ಲ, ಅದರ ಆರು ಹಣ್ಣನ್ನು ನಾನು ದುಡ್ಡು ಕೊಟ್ಟೇ ತಂದೆ. ನಮ್ಮ ಹಣ್ಣಿನ ಕೋಣೆಯಲ್ಲಿ, ನಮ್ಮ ಬೆಶಿಕ್‌ಗಳ ಪಕ್ಕದಲ್ಲೇ, ಜೊಂಡಿನ ತೊಟ್ಟಿಲು ಹೆಣೆದು ತೊಲೆಗೆ ತೂಗುಹಾಕಿದೆ. ನೋಡಲು ಅಣ್ಣ ತಮ್ಮಂದಿರ ಹಾಗಿದ್ದವು, ಸುಳ್ಳು ಹೇಳುವುದಿಲ್ಲ. ಡಿಸೆಂಬರಿನಲ್ಲಿ ನಿನ್ನ ಹಣ್ಣೊಂದರ ತೊಟ್ಟು ಮೆತ್ತಗಾಯಿತು. ಜನವರಿ ಮುಗಿಯುವಷ್ಟರಲ್ಲಿ ಮೂರು ಹಣ್ಣು ನೀರು ಬಿಟ್ಟು ನೆಲಕ್ಕೆ ಸೋರಿದವು. ಫೆಬ್ರವರಿಯಲ್ಲಿ ಉಳಿದವನ್ನು ಹಸುವಿಗೆ ಹಾಕಿದೆ, ಹಸು ಸಂತೋಷದಿಂದ ತಿಂದಿತು. ಊರಿನ ಹೆಂಗಸರು ವಾರಕ್ಕೊಮ್ಮೆ ಬಂದು ನೋಡಿಕೊಂಡು ಹೋಗುತ್ತಿದ್ದರು, ಹೆರಿಗೆ ಮನೆಗೆ ಬಂದ ಹಾಗೆ.

ಮಾರ್ಚ್ ಇಪ್ಪತ್ತೊಂದಕ್ಕೆ, ನವ್ರೂಜ್ ಹೊಸ ವರ್ಷದ ದಿನ, ಕೋಮಿಲನನ್ನೂ ಕರೆಸಿ ಎಲ್ಲರ ಮುಂದೆ ಉಳಿದ ಬೆಶಿಕ್ ಕೊಯ್ದೆವು. ಸಾನಾಬಾರಳ ಅತ್ತೆ, ಊರಿಗೆಲ್ಲ ಹಿರಿಯಳು, ಮೊದಲ ತುಂಡು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದಳು. ನಾವೆಲ್ಲ ಕಾದೆವು. "ಇದರ ಬೀಜ ಬಿತ್ರೇ" ಎಂದಳು. ಪ್ರತಿ ವರ್ಷ ಹೇಳುವ ಮಾತೇ, ಆದರೆ ಈ ಸಲ ಮೂರು ನಾಲ್ಕು ಜನರ ಕಣ್ಣಲ್ಲಿ ನೀರು ಬಂತು, ನನಗೂ ಬಂತು.

ನೀನು ಎಡವಿದ್ದು ಎಲ್ಲಿ ಗೊತ್ತೇ? ಹನ್ನೊಂದು ವರ್ಷದ ಹಿಂದೆ ಅಕ್ಟೋಬರಿನಲ್ಲಿ ನೀನು ಊರಿಗೆ ಬಂದಿದ್ದೆ. ನಿನಗೆಂದು ಹೊಲದ ಅತ್ಯಂತ ಚೆಂದದ ಹಣ್ಣು ಕೊಯ್ದು ಕೊಟ್ಟೆ, ನೀನು ತಿಂದು ಬೀಜವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡೆ. ನಾನು ನೋಡಿ ಸುಮ್ಮನಿದ್ದೆ, ಊರಿನ ನೆನಪಿಗೆ ಒಯ್ಯುತ್ತಿದ್ದಾನೆ ಎಂದುಕೊಂಡೆ. ಅಕ್ಟೋಬರಿನ ಹಣ್ಣಿನ ಬೀಜವನ್ನು ಈ ಊರಿನಲ್ಲಿ ಯಾರೂ ಬಿತ್ತುವುದಿಲ್ಲ, ಹುರಿದು ತಿನ್ನುತ್ತೇವೆ. ಚಳಿಗಾಲವೆಲ್ಲ ತೂಗಿಯೂ ಕೆಡದೆ ಉಳಿದ ಹಣ್ಣಿನದೇ ಬೀಜ. ಇದು ನಿನಗೆ ಮರೆತು ಹೋಯಿತಲ್ಲ, ಆ ವಿಷಯಕ್ಕೆ ಮಾತ್ರ ನನಗೆ ನಗು ಬಂತು. ಡಾಕ್ಟರೇ, ನೀವು ಕದ್ದದ್ದು ನಮ್ಮ ಹುರಿಗಡಲೆಯನ್ನು!

ಇನ್ನೂ ಒಂದು ತಮಾಷೆಯಿದೆ. ಕೋಮಿಲ್ ನಿನ್ನ ಅರ್ಜಿಯ ನಕಲು ತರಿಸಿಕೊಟ್ಟ. ಓಲ್ತಿನ್-ಏಳು ಮಾರ್ಚ್ ಕೊನೆಯವರೆಗೆ ಕೆಡದೆ ಉಳಿಯುತ್ತದೆ ಎಂದು ಅದರಲ್ಲಿ ಬರೆದಿದ್ದೀಯ. ನಿನ್ನ ಹಣ್ಣು ಉಳಿಯಲಿಲ್ಲ. ನೀನು ಬರೆದದ್ದು ನಮ್ಮ ಹಣ್ಣಿನ ಜಾತಕ, ನಿನ್ನದರದ್ದಲ್ಲ. ಇದನ್ನೇ ತಕರಾರಿನ ಮೊದಲನೇ ಅಂಶವಾಗಿ ಹಾಕಿದ್ದೇವೆ.

ಹೌದು, ತಕರಾರು ಸಲ್ಲಿಸಿದೆವು. ನಲವತ್ತಮೂರು ಮನೆಯ ಹೆಂಗಸರು ಸಹಿ ಹಾಕಿದ್ದಾರೆ. ನಿನ್ನ ಕಾಗದ ಒಳ್ಳೆಯ ದಪ್ಪ ಕಾಗದ, ಹಿಂಬದಿ ಖಾಲಿಯಿತ್ತು, ಹೆಸರುಗಳ ಪಟ್ಟಿಯನ್ನು ಮೊದಲು ಅದರ ಮೇಲೆಯೇ ಬರೆದುಕೊಂಡೆವು. ಅದನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ, ನೋಡಿಕೋ. ಈ ಸಲದ ಬೀಜವನ್ನು ಊರಿಗೆಲ್ಲ ಹಂಚಿ, ಕಾಲುವೆಯಾಚೆಯ ಕರಕಲ್ಪಾಕ್ ಜನರಿಗೂ ಕೊಟ್ಟಿದ್ದೇವೆ, ಬೀಜ ಸತ್ತಿದೆ ಎಂದು ಮುಂದೆ ಯಾರಿಗೂ ಬರೆಯಲು ಬಾರದ ಹಾಗೆ. ದಂಡ ಹಾಕುತ್ತಾರೆ ಎಂದು ನಿನ್ನ ಕಂಪನಿಯ ವಕೀಲ ಫೋನ್ ಮಾಡಿ ಹೆದರಿಸಿದ. ಎಷ್ಟು ಮನೆಗೆ ಹಾಕುತ್ತೀಯಪ್ಪ, ವಿಳಾಸ ಬರೆದುಕೋ ಎಂದು ಒಂದೊಂದಾಗಿ ಹೇಳತೊಡಗಿದೆ. ಒಂಬತ್ತನೇ ಮನೆಗೆ ಇಟ್ಟುಬಿಟ್ಟ.

ವಿಚಾರಣೆ ಮೇ ಹದಿನಾಲ್ಕಕ್ಕೆ ತಾಷ್ಕೆಂಟಿನಲ್ಲಿ. ನಾನು ಬರುತ್ತೇನೆ. ಸಾನಾಬಾರ್ ಹೋಟೆಲಿನಲ್ಲಿ ಉಳಿಯೋಣ ಎಂದಳು, ತಮ್ಮನ ಮನೆ ಇರುವಾಗ ಹೋಟೆಲೇಕೆ ಎಂದೆ. ಹಾಗಾಗಿ ಹದಿಮೂರರ ಸಂಜೆ ಇಬ್ಬರೂ ನಿನ್ನ ಮನೆಗೇ ಬರುತ್ತೇವೆ. ದಿಲ್ಫುಜಾಗೆ ಹೇಳು, ತಂದೂರಿನ ರೊಟ್ಟಿ ನಾನೇ ತರುತ್ತೇನೆ, ಅವಳು ಸಬ್ಬಸಿಗೆ ಸೊಪ್ಪು ತಂದಿಟ್ಟರೆ ಸಾಕು, ನಿನಗೆ ಇಷ್ಟವಾದ ಹಸಿರು ಶಾವಿಗೆ ಮಾಡುತ್ತೇನೆ. ಬೆಳಗ್ಗೆ ನಿನ್ನ ಕಾರಿನಲ್ಲೇ ಹೋಗೋಣ. ಅಲ್ಲಿ ನೀನು ಆ ಕಡೆಯ ಕುರ್ಚಿಯಲ್ಲಿ ಕೂರು, ನಾನು ಈ ಕಡೆ ಕೂರುತ್ತೇನೆ. ಸಂಜೆ ಮತ್ತೆ ಒಟ್ಟಿಗೇ ವಾಪಸು ಬರೋಣ. ನೀನು ಸೋತರೂ ಊಟ ಹಾಕುತ್ತೇನೆ, ಗೆದ್ದರೂ ಹಾಕುತ್ತೇನೆ. ಆದರೆ ಗೆಲ್ಲಲು ಬಿಡುವುದಿಲ್ಲ.

ಅಲ್ಲಾಹನು ನಿನಗೆ ಆಯುಸ್ಸು ಕೊಡಲಿ, ಮಕ್ಕಳ ಕಣ್ಣಿನಲ್ಲಿ ನಿನ್ನನ್ನು ದೊಡ್ಡವನನ್ನಾಗಿಯೇ ಇಡಲಿ. ರಕ್ತದೊತ್ತಡದ ಮಾತ್ರೆ ತಪ್ಪಿಸಬೇಡ. ಮೊಮ್ಮಗಳು ನಿನಗೆ ಸಲಾಂ ಹೇಳಿದ್ದಾಳೆ.

ನಿನ್ನನ್ನು ಎತ್ತಿ ಆಡಿಸಿದ ಅಕ್ಕ,
ಬಿಕಾಜಾನ್

ಮರೆತ ಮಾತು: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಎರಡು ದಿನ ಪತ್ರವನ್ನು ಅಂಟಿಸದೆ ಇಟ್ಟಿದ್ದೆ. ನಿನ್ನ ಅರ್ಜಿಯಲ್ಲಿ ಸೃಷ್ಟಿಸಿದವರು ಎಂಬಲ್ಲಿ ನಿನ್ನ ಹೆಸರಿದೆ. ಇರಲಿ, ಅದರ ಮೇಲೆ ಜಗಳವಾಡಬಲ್ಲೆ, ಆಡುತ್ತಲೂ ಇದ್ದೇನೆ. ಅದರ ಕೆಳಗೆ ಇನ್ನೊಂದು ಸಾಲಿದೆ: ಮೂಲ ಬೀಜ ಯಾರಿಂದ ದೊರೆಯಿತು. ಅಲ್ಲಿ ನಿನ್ನ ಕೈಬರಹದಲ್ಲಿ "ತಿಳಿದುಬಂದಿಲ್ಲ" ಎಂದಿದೆ. ಹತ್ತಿಯ ಹೊರತು ಬೇರೇನನ್ನೂ ಬೆಳೆಯಬಾರದೆಂಬ ಹುಕುಂ ಇದ್ದ ಕಾಲದಲ್ಲಿ ಅಮ್ಮ ಈ ಬೀಜವನ್ನು ಕಾಲುವೆಯ ಏರಿಯಲ್ಲಿ ಕದ್ದು ಬಿತ್ತಿ ಉಳಿಸಿದಳು, ಸಾಯುವ ವಾರ ನನ್ನ ಕೈಗೆ ಕೊಟ್ಟಳು. ಒಂದು ಕೈಗೆ ಬೀಜ, ಇನ್ನೊಂದು ಕೈಗೆ ನಾಲ್ಕು ವರ್ಷದ ನಿನ್ನನ್ನು. ನನಗಾಗ ಹದಿನಾರು. ಅಮ್ಮನ ಹೆಸರು ಓಗುಲ್‌ಜಾನ್. ಆ ಸಾಲಿನಲ್ಲಿ ಆ ಹೆಸರು ಬರೆದಿದ್ದರೆ, ಊರಿನವರು ನನ್ನನ್ನು ಏನೆಂದರೂ ಸರಿ, ನಾನು ಬಹುಶಃ ನಿನ್ನ ಕಾಗದಕ್ಕೆ ಸಹಿ ಹಾಕಿಬಿಡುತ್ತಿದ್ದೆ. ನನಗೆ ತುಂಬ ನೋವಾಗಿದೆ, ಮತ್ಯಾಕುಬ್. ವಿಚಾರಣೆಯಲ್ಲಿ ಕೇಳುವ ಮೊದಲ ಪ್ರಶ್ನೆಯೇ ಬೀಜ ಯಾರಿಂದ ಬಂತು ಎಂಬುದಂತೆ, ಮೊದಲು ಕೇಳುವುದು ನಿನ್ನನ್ನಂತೆ. ನಾನು ಎದುರಿಗೇ ಕೂತಿರುತ್ತೇನೆ. ಏನು ಹೇಳುವುದಿದ್ದರೂ ನನ್ನ ಮುಖ ನೋಡಿ ಹೇಳು.