ನಿಮ್ಮ ಕೈಯಲ್ಲಿ ಕೊಡಿಸಿದ ಮುದ್ದೆ

ಕಿರಂಗೂರು
14-3-1996, ಗುರುವಾರ
ಮಧ್ಯಾಹ್ನ ಎರಡೂವರೆ ಗಂಟೆ

ಪ್ರೀತಿಯ ಅತ್ತೆಮ್ಮನವರಿಗೆ,

ನಿಮ್ಮ ಮಂಡಿನೋವು ಹೇಗಿದೆ? ಕೆ.ಆರ್.ಪೇಟೆಯಲ್ಲಿ ನಿಮ್ಮ ಅಣ್ಣನ ಮನೆಯವರು ಬೆಳಗ್ಗೆ ಬಿಸಿನೀರು ಕಾಯಿಸಿ ಕೊಡುತ್ತಾರೆ ತಾನೆ? ನೀವು ಹಚ್ಚಿಕೊಳ್ಳುವ ಎಣ್ಣೆಯ ಸೀಸೆ ಇಲ್ಲೇ ಗೂಡಿನಲ್ಲಿ ಉಳಿದುಬಿಟ್ಟಿದೆ. ನೀವು ಹೋಗಿ ಇವತ್ತಿಗೆ ಹದಿಮೂರು ದಿನ. ಎಮ್ಮೆ ಈಗಲೂ ಸಂಜೆ ನಿಮ್ಮ ದನಿ ಕೇಳಿಸದೆ ಸೊರ ಬಿಟ್ಟು ಹಾಲಿಳಿಸುವುದಿಲ್ಲ.

ಬೆಳಗ್ಗೆ ಆರರ ಬಸ್ಸಿಗೆ ಹೋಗಿ ಇವರನ್ನು ಮೈಸೂರಿನ ನರರೋಗದ ಡಾಕ್ಟರಿಗೆ ತೋರಿಸಿಕೊಂಡು ಈಗ ತಾನೇ ಬಂದೆವು. ಇವರು ಜಗಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದಾರೆ. ನಾನಿನ್ನೂ ಒಲೆ ಹಚ್ಚಿಲ್ಲ. ಅವಸರದಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ನಿಮಗೆ ಓದಿ ಹೇಳುವ ನಿಮ್ಮ ಅಣ್ಣನ ಮೊಮ್ಮಗಳು ದಿವ್ಯ ನಿಧಾನವಾಗಿ ಕೂಡಿಸಿ ಓದಲಿ.

ಡಾಕ್ಟರು ಇವರ ಬಲಗೈ ಹಿಡಿದು ಬಗ್ಗಿಸಿ, ಬಿಚ್ಚಿ ನೋಡಿದರು. ಕಬ್ಬಿನ ಟ್ರೇಲರು ಮಗುಚಿದಾಗ ಏಟು ಬಿದ್ದದ್ದು ತಲೆಯ ಎಡಕ್ಕೆ, ಅದಕ್ಕೇ ಬಲಗಡೆಯ ಕೈಕಾಲು ಸೋತಿವೆ ಎಂದರು. ಇವರು ನಗುತ್ತಾ, "ಅಂಗಾರೆ ನನ್ ತಲೇಲಿ ವೈರು ಅಡ್ಡಾದಿಡ್ಡಿ ಎಳ್ದವ್ರೆ ಅನ್ನಿ" ಎಂದರು. ಮಾವನವರು ತೀರಿಹೋದ ಮೇಲೆ ಇವರು ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಆದರೆ ಕೈ ಇಷ್ಟೊಂದು ಬಿಗಿದಿರುವುದು ಬರೀ ಏಟಿನಿಂದ ಇರಲಾರದು ಎಂದು ಡಾಕ್ಟರಿಗೆ ಅನುಮಾನ. ಮೆದುಳಿನಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸುದ್ದಿ ದಾಟಿಸುವ ರಸಗಳು ಇರುತ್ತವಂತೆ. ಪೆಟ್ಟು ಬಿದ್ದ ಜಾಗ ಸತ್ತರೂ ಉಳಿದ ಭಾಗ ಮೆಲ್ಲಗೆ ಅದರ ಕೆಲಸ ಕಲಿಯುತ್ತದಂತೆ. ಕಲಿಯುವುದಕ್ಕೆ ಆ ರಸ ಬೇಕಂತೆ. "ನಾಲೆ ಒಡೆದ್ರೆ ಪಕ್ಕದಲ್ಲಿ ಕಾಲುವೆ ತೋಡಿ ನೀರು ತರಬಹುದಮ್ಮ. ತೂಬನ್ನೇ ಮುಚ್ಚಿಟ್ರೆ? ಸಿಟ್ಟು ಇಳಿಯೋಕೆ ಕೊಡೋ ಕೆಲವು ಮಾತ್ರೆ ಆ ತೂಬು ಮುಚ್ಚುತ್ತೆ. ಅಂಥದ್ದೇನಾದ್ರೂ ಕೊಡ್ತಿದ್ದೀರಾ?" ಎಂದು ನನ್ನನ್ನು ಕೇಳಿದರು.

ನನಗಿಂತ ಮೊದಲು ಇವರೇ, "ಮಾತ್ರೆನಾ? ಒಂದ್ನೂ ಮುಟ್ಟಿಲ್ಲ ಸ್ವಾಮಿ" ಎಂದುಬಿಟ್ಟರು. ನಾನು ಅಲ್ಲಿ ನಿಜ ಹೇಳಲಿಲ್ಲ. ನಾಳೆ ಮತ್ತೆ ಬನ್ನಿ, ತಲೆಯ ಸ್ಕ್ಯಾನ್ ಮಾಡಿಸೋಣ ಎಂದು ಡಾಕ್ಟರು ಹೇಳಿದ್ದು ನೀರಿನೊಳಗಿಂದ ಕೇಳಿಸಿದ ಹಾಗಾಯಿತು.

ಅತ್ತೆಮ್ಮ, ಡಿಸೆಂಬರಿನ ಕೊನೆಯಲ್ಲಿ ಇವರು ಸಾರಿನ ಪಾತ್ರೆ ನಿಮ್ಮ ಮೇಲೆ ಎಸೆದದ್ದು ನೆನಪಿದೆಯಲ್ಲ. ಮಾರನೇ ದಿನ ನಾನು ಪಟ್ಟಣದ ಡಾಕ್ಟರ ಹತ್ತಿರ ಹೋಗಿ ಅತ್ತುಕೊಂಡೆ. ಅವರು ಹದಿನೈದು ದಿನಕ್ಕೆ ಮಾತ್ರೆ ಕೊಟ್ಟು, ಆಮೇಲೆ ಕರೆದುಕೊಂಡು ಬಂದು ತೋರಿಸಿ ಎಂದಿದ್ದರು. ಇವರು "ನಾನೇನ್ ಉಚ್ಚನಾ?" ಎಂದು ಮಾತ್ರೆ ಹಾಳೆಯನ್ನೇ ಬೀದಿಗೆ ಎಸೆದರು. ನಾನು ಅದನ್ನು ಆಯ್ದು ತಂದೆ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲವಲ್ಲ, ಮುರಿದು ಸಾರಿಗೆ ಅದ್ದಿ ನುಂಗುತ್ತಾರೆ. ಮುದ್ದೆ ಕಟ್ಟುವಾಗ ಸಣ್ಣ ಮಾತ್ರೆಯನ್ನು ಪುಡಿ ಮಾಡಿ ಒಳಗಿಡುತ್ತಿದ್ದೆ. ನಾನು ಬಡಿಸಿದರೆ ತಟ್ಟೆ ತಳ್ಳುತ್ತಿದ್ದರು, ನೀವು ಕೊಟ್ಟರೆ ಉಣ್ಣುತ್ತಿದ್ದರು. ಅದಕ್ಕೆ ನಿಮ್ಮ ಕೈಯಲ್ಲೇ ಕೊಡಿಸಿದೆ. ನಿಮಗೆ ಗೊತ್ತಿರಲಿಲ್ಲ. ಸಿಟ್ಟು ಇಳಿಯಿತು, ಮನೆ ತಣ್ಣಗಾಯಿತು. ಹದಿನೈದು ದಿನಕ್ಕೆ ನಿಲ್ಲಿಸದೆ ನಾನೇ ಅಂಗಡಿಯಿಂದ ತಂದು ತಂದು ಹಾಕಿದೆ. ತಪ್ಪು ನನ್ನದು.

ಮಾವನವರು ಹೋದ ದಿನದಿಂದ ನೋಟ್‌ಬುಕ್ಕಿನಲ್ಲಿ ದಿನಾ ಎರಡು ಸಾಲು ಬರೆಯುತ್ತಿದ್ದೇನಲ್ಲ. "ಏನವ್ವಾ ಅಷ್ಟ್ ಬರೀತೀಯ, ಮಾವುಂಗೆ ಕಾಗ್ದ ಆಕ್ತೀಯಾ?" ಎಂದು ನೀವು ರೇಗಿಸುತ್ತಿದ್ದಿರಿ. ಬಂದವಳೇ ಅದನ್ನು ತೆಗೆದು ನೋಡಿದೆ. ಡಿಸೆಂಬರ್ ಹತ್ತರಂದು 'ಇವರ ಮೂರು ಬೆರಳು ಬಿಚ್ಚಿಕೊಂಡವು' ಎಂದಿದೆ. ಜನವರಿ ಪೂರ್ತಿ 'ಕೈ ಕಟ್ಟಿಗೆಯ ಹಾಗೆ'. ಫೆಬ್ರವರಿಯಲ್ಲಿ ನಾಗಮಂಗಲದ ನಾದಿನಿ ಮನೆಯಲ್ಲಿ ಹತ್ತು ದಿನ ಇದ್ದು ಬಂದವರು, "ಕೈ ಬತ್ತು ಕಣೇ" ಎಂದು ಎಮ್ಮೆಯ ಕೆಳಗೆ ಕೂತು ಎರಡು ಕೈಯಲ್ಲೂ ಹಾಲು ಕರೆದರು. ನೀವು ಸೆರಗಿನಲ್ಲಿ ಕಣ್ಣೊರೆಸಿಕೊಂಡಿರಿ. ನಾನು ಅವತ್ತು ರಾತ್ರಿಯೇ ಮತ್ತೆ ಮುದ್ದೆಯಲ್ಲಿ ಮಾತ್ರೆ ಇಟ್ಟೆ. ವಾರದೊಳಗೆ ಕೈ ಮುಚ್ಚಿಕೊಂಡಿತು. ಎಲ್ಲವನ್ನೂ ನನ್ನ ಕೈಯಾರೆ ಬರೆದಿದ್ದೇನೆ, ಒಂದು ಸಲವೂ ಒಟ್ಟಿಗೆ ಓದಿರಲಿಲ್ಲ.

ಆಮೇಲೆ ಆದದ್ದು ನಿಮಗೆ ಗೊತ್ತು. "ನಾಗಮಂಗ್ಲದಲ್ಲಿ ಬಂದ ಕೈ ಇಲ್ಲಿ ಯಾಕ್ ಓಯ್ತು? ಎತ್ತೋಳೇ ಮದ್ದಿಕ್ಕುದ್ರೆ ಇನ್ಯಾರ್ ಕೈಲಿ ಉಣ್ಲಿ?" ಎಂದು ಇವರು ನಿಮ್ಮ ಮೇಲೆ ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು. ಎದುರುಮನೆಯ ಹೊನ್ನಪ್ಪನವರೂ ಬಂದು ನಿಂತರು. ನೀವು ಎರಡು ಸೀರೆ ಚೀಲಕ್ಕೆ ತುರುಕಿಕೊಂಡಿರಿ. ಹೊಸಿಲು ದಾಟುವಾಗ ನನಗೆ, "ಅವುನ್ಗೆ ಬಿಸಿ ಮುದ್ದೆ ಇಕ್ಕವ್ವಾ, ತಂಗ್ಳು ಇಕ್ಬ್ಯಾಡ" ಎಂದಿರಿ. ನಾನು ಅವತ್ತೂ ಇಟ್ಟೆ, ಅತ್ತೆಮ್ಮ.

ಇನ್ನು ಇಡುವುದಿಲ್ಲ. ಕೈ ಎಷ್ಟು ಬರುತ್ತದೋ, ಏಟಿನದೆಷ್ಟು, ನನ್ನದೆಷ್ಟು ಎಂಬುದು ನನಗೆ ಗೊತ್ತಿಲ್ಲ. ನಿಮ್ಮ ಅಣ್ಣನವರಿಗೂ ಅತ್ತಿಗೆಗೂ ನನ್ನ ನಮಸ್ಕಾರ ತಿಳಿಸಿ. ನನ್ನನ್ನು ಬೈಯಿರಿ, ಆದರೆ ಅಲ್ಲೇ ಬೇರೆ ಎಣ್ಣೆ ತರಿಸಿ ಹಚ್ಚಿಕೊಳ್ಳುವುದು ಬಿಡಬೇಡಿ.

ನಿಮ್ಮ ಸೊಸೆ,
ಪುಟ್ಟಲಕ್ಷ್ಮಿ

ತಾ.ಕ.: ನಾಲ್ಕಕ್ಕೆ ಅಂಚೆ ಡಬ್ಬಿ ತೆಗೆಯುತ್ತಾರೆ, ಬೇಗ ಬರೆಯುತ್ತೇನೆ. ದಿವ್ಯ, ಇದನ್ನು ಅತ್ತೆಮ್ಮನ ಕಿವಿಯಲ್ಲಿ ಓದಬೇಡ, ಮನೆಯವರೆಲ್ಲರ ಮುಂದೆ ಗಟ್ಟಿಯಾಗಿ ಓದು. ಈಗ ತಾನೇ ಜಗಲಿಗೆ ಹೋಗಿ ಇವರಿಗೆ ಮಾತ್ರೆ ಹಾಳೆ ತೋರಿಸಿ ಎಲ್ಲ ಹೇಳಿದೆ. ಹೊನ್ನಪ್ಪನವರ ಮುಂದೆಯೇ ಹೇಳಿದೆ. ಇವರು ಎಡಗೈಯಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. "ಅವ್ವುನ್ ಕೈಲಿ ಇಕ್ಸ್ದ್ಯಾ?" ಎಂದು ಕೇಳಿ ಗೋಡೆಯ ಕಡೆ ತಿರುಗಿಕೊಂಡರು. ನಾಳೆ ಹತ್ತು ಗಂಟೆಗೆ ಹಾಳೆ ಹಿಡಿದುಕೊಂಡು ಮೈಸೂರಿಗೆ ಹೋಗುತ್ತೇವೆ. ನಾಳೆಯಿಂದ ಇವರ ಮುದ್ದೆಯನ್ನು ಇವರೇ ಕಟ್ಟಿಕೊಳ್ಳುತ್ತಾರಂತೆ, ಎಡಗೈಯಲ್ಲಿ.