ನೀಲಿ ಪಟ್ಟಿಯ ತಟ್ಟಿ

ಬಾಳ್ಳುಪೇಟೆ
೧೪ ನವೆಂಬರ್ ೨೦೨೪

ನನ್ನ ಮುದ್ದು ಸುಚಿತ್ರಾ,

ಫೋನ್ ಮಾಡಿದರೆ ನೀನು ನಗಿಸಿ ವಿಷಯವನ್ನೇ ಮರೆಸಿಬಿಡುತ್ತೀಯ, ಅದಕ್ಕೇ ಪತ್ರ. ಮದುವೆಯಾಗಿ ಎರಡು ತಿಂಗಳಾದರೂ ರಿಯಾಜ್ ಅಂಗಡಿಯಿಂದ ಊಟಕ್ಕೆ ಬರುವ ಹೊತ್ತಿಗೆ ನಾನು ಬಾಗಿಲಲ್ಲೇ ಇರುತ್ತೇನೆ. ಅತ್ತೆ ನೋಡಿಯೂ ನೋಡದ ಹಾಗಿರುತ್ತಾರೆ. ಸೂಪರ್ ಅತ್ತೆ ಕಣೇ.

ಹೊಂಗಡಹಳ್ಳದ ಹತ್ತಿರ ಹಸಲ ಬುಡಕಟ್ಟಿನವರ ಕೇರಿಯಲ್ಲಿ ಹುಲಿಯಮ್ಮ ಅಂತಿದ್ದಾರೆ, ಬಿದಿರು ಹೆಣೆಯುವವರು. ಅವರೂ ನಾನೂ ಸೇರಿ ಬೆಂಗಳೂರಿನ ಒಂದು ಗ್ಯಾಲರಿಗೆಂದು ಗೋಡೆಯಷ್ಟು ದೊಡ್ಡ ಬಿದಿರ ತಟ್ಟಿ ಮಾಡುತ್ತಿದ್ದೆವು. ಅವರ ಮನೆಯಲ್ಲಿ ದೊಡ್ಡ ತಟ್ಟಿಯನ್ನು ಇಬ್ಬರು ಎರಡು ತುದಿಯಿಂದ ಹೆಣೆಯುತ್ತಾರೆ. ಒಬ್ಬರ ಕಡೆಗೆ ಇನ್ನೊಬ್ಬರು ಕೈ ಹಾಕುವಂತಿಲ್ಲ. ನಡುವೆ ಬಂದು ಸೇರಿದಾಗಲೇ ಗಂಟು. ನನ್ನ ಕಡೆ ಹಂದಿ ನುಗ್ಗಿದ ಗದ್ದೆಯ ಥರ ಇದೆ ಎಂದು ಅವರ ಸೊಸೆ ಲಕ್ಷ್ಮಿ ಗೇಲಿ ಮಾಡಿದಳು. ಆದರೂ ಯಾರೂ ತಿದ್ದಲಿಲ್ಲ.

ಹುಲಿಯಮ್ಮ ತಮ್ಮ ಕಡೆ ಬಿದಿರ ಸೀಳುಗಳ ನಡುವೆ ನೀಲಿ ಪ್ಲಾಸ್ಟಿಕ್ ಪಟ್ಟಿ ಸೇರಿಸಿದ್ದರು. ಅಂಗಡಿಗೆ ಬರುವ ರಟ್ಟಿನ ಪೆಟ್ಟಿಗೆಗಳಿಗೆ ಬಿಗಿದಿರುತ್ತದಲ್ಲ, ಅದೇ. ಫೋಟೋ ನೋಡಿದ ಗ್ಯಾಲರಿಯ ಶ್ರೀನಾಥ್, ಬುಡಕಟ್ಟು ಕಲೆಯಲ್ಲಿ ಪ್ಲಾಸ್ಟಿಕ್ಕಿಗೇನು ಕೆಲಸ, ಅದನ್ನು ತೆಗೆದರೆ ಮಾತ್ರ ಪ್ರದರ್ಶನ ಎಂದರು. ನನ್ನ ಮೊದಲ ಪ್ರದರ್ಶನ, ಸುಚಿ. ಇನ್ವಿಟೇಶನ್ ಕೂಡ ಪ್ರಿಂಟ್ ಆಗಿತ್ತು. ಕತ್ತರಿ ಹಿಡಿದುಕೊಂಡೇ ಹೋದೆ. ನೀಲಿಯ ಜಾಗಕ್ಕೆ ಬಿದಿರೇ ಹಾಕೋಣ, ಯಾರಿಗೂ ಗೊತ್ತಾಗುವುದಿಲ್ಲ ಎಂದು ತುಂಬಾ ನಯವಾಗಿ ಹೇಳಿದೆ.

ಹುಲಿಯಮ್ಮ ಸಿಟ್ಟು ಮಾಡಿಕೊಳ್ಳಲಿಲ್ಲ. ಬಾಯಲ್ಲಿದ್ದ ಎಲೆಅಡಿಕೆ ಒಂದು ಬದಿಗೆ ಸರಿಸಿ ಹೇಳಿದರು: “ಕತ್ತರ್ಸವ್ವ, ಬ್ಯಾಡ ಅನ್ನಲ್ಲ. ಚಂದ ಐತೆ ಅಂತ ಹಾಕಿದ್ದೆ. ಆದ್ರೆ ಆಮೇಲೆ ಇದು ಹುಲಿಯಮ್ಮ ಮಾಡಿದ್ದು ಅಂತ ಎಲ್ಲೂ ಹೇಳ್ಬ್ಯಾಡ.”

ಕತ್ತರಿ ಬ್ಯಾಗಿಗೆ ಹೋಯಿತು. ಗುಡ್ಡ ಹತ್ತಿ, ಸಿಗ್ನಲ್ ಸಿಕ್ಕಲ್ಲಿ ನಿಂತು, ತಟ್ಟಿ ಕಳಿಸುವುದಿಲ್ಲ ಎಂದು ಶ್ರೀನಾಥ್‌ಗೆ ಹೇಳಿದೆ. ಇಳಿದು ಬಂದು ಇಬ್ಬರೂ ನಡುವಿನ ಗಂಟು ಹಾಕಿದೆವು; ನನ್ನ ಬೆರಳ ಮೇಲೆ ಅವರ ಬೆರಳು.

ಈಗ ತಟ್ಟಿ ಅವರ ಜಗಲಿಗೆ ಬಿಸಿಲು ತಡೆಯುತ್ತಾ ನಿಂತಿದೆ. ನೀನು ಬೆಂಗಳೂರಿನ ಟಿಕೆಟ್ ಕ್ಯಾನ್ಸಲ್ ಮಾಡಿ ಇಲ್ಲಿಗೇ ಬಾ.

ನಿನ್ನ ತಲೆಕೆಟ್ಟ ಮದುಮಗಳು,
ಜೇಬಾ

ತಾ.ಕ.: ರಿಯಾಜ್‌ಗೆ ಇನ್ನೂ ಹೇಳಿಲ್ಲ. ಪ್ರದರ್ಶನಕ್ಕೆಂದು ಹೊಲಿಸಿದ ಕೋಟನ್ನು ಹಾಕಿಕೊಂಡು ಪಕ್ಕದ ಕೋಣೆಯಲ್ಲಿ ಅತ್ತೆಗೆ ತೋರಿಸುತ್ತಿದ್ದಾರೆ. ಎಷ್ಟು ಚಂದ ಕಾಣುತ್ತಾರೆ ಗೊತ್ತಾ? ಅದನ್ನೇ ಹಾಕಿಕೊಂಡು ಹುಲಿಯಮ್ಮನ ಜಗಲಿಗೆ ಬನ್ನಿ ಎನ್ನಬೇಕು. ಪತ್ರ ಮಡಚಿ ಎದ್ದು ಹೋಗುತ್ತಿದ್ದೇನೆ.