ಇಬ್ಬನಿಯಲ್ಲಿ ಮಿಂದ ಕಾರು

ಸಮೇತನಹಳ್ಳಿ, ಹೊಸಕೋಟೆ ತಾಲ್ಲೂಕು
೧೧ ಫೆಬ್ರವರಿ ೨೦೨೫, ಮಂಗಳವಾರ

ಪ್ರೀತಿಯ ದೇವು ಮಗನಿಗೆ,

ಹೇಗಿದ್ದೀಯಪ್ಪಾ? ನೀನು ಕಾವಲಿರುವ ಗಡಿಯ ಕಡೆ ಹಿಮ ಮೊಣಕಾಲುದ್ದ ಬಿದ್ದಿದೆ ಎಂದು ನಿಮ್ಮಮ್ಮ ಟಿವಿಯಲ್ಲಿ ನೋಡಿದಾಗಿನಿಂದ ನನಗೆ ಅನ್ನ ಸರಿಯಾಗಿ ಇಳಿಯುತ್ತಿಲ್ಲ. ಕಿವಿ ಮುಚ್ಚಿಕೊಂಡು ಮಲಗುತ್ತೀಯೋ ಇಲ್ಲವೋ? ಚಿಕ್ಕಂದಿನಿಂದಲೂ ನಿನಗೆ ಶೀತ ಕಿವಿಯಿಂದಲೇ ಹತ್ತುವುದು. ಕೆಮ್ಮು ಬಂದರೆ ಮೆಣಸು ಅಗಿ, ನಾಚಿಕೊಳ್ಳಬೇಡ. ಇಲ್ಲಿ ನಾವು ಎದ್ದು ಓಡಾಡಿಕೊಂಡಿದ್ದೇವೆ. ರಥಸಪ್ತಮಿ ಕಳೆದರೂ ಚಳಿ ಬಿಟ್ಟಿಲ್ಲ, ಬೆಳಗಿನ ಹೊತ್ತು ಎದುರುಮನೆ ಕಾಣುವುದಿಲ್ಲ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ನೀನು ಫೋನಿನಲ್ಲಿ ‘ಹೂಂ ಅಜ್ಜಿ, ಸರಿ ಅಜ್ಜಿ’ ಎನ್ನುತ್ತೀಯ, ಅಷ್ಟರಲ್ಲಿ ಲೈನು ಕಟ್ಟಾಗುತ್ತದೆ. ಕಾಗದವಾದರೆ ನನ್ನ ಬಾಯಿ ಮುಚ್ಚಿಸುವವರಿಲ್ಲ. ಅಕ್ಷರ ಸೊಟ್ಟಗಿದ್ದರೆ ಕಾಗದವನ್ನೇ ಸೊಟ್ಟ ಹಿಡಿದು ಓದು.

ನೆಲಮಂಗಲದ ಕಡೆಯವರು ಭಾನುವಾರ ಮನೆ ನೋಡಲು ಬಂದು ಹೋದರು. ಶಾಮಲಾ, ಅವಳ ತಂದೆ ಆವಲಪ್ಪನವರು, ಅವರ ಅಕ್ಕ, ಅಂದರೆ ಹುಡುಗಿಯ ಸೋದರತ್ತೆ. ಹುಡುಗಿಯೇ ಗಂಡಿನ ಮನೆ ನೋಡಲು ಬರುವುದು ನಮ್ಮ ಕಾಲದಲ್ಲಿ ಇರಲಿಲ್ಲ, ಈಗ ಇದೆ, ಇರಲಿ, ಒಳ್ಳೆಯದೇ. ಅವಳ ಫೋಟೋ ಕಳಿಸಿದ ವಾರ ನೀನು ನನ್ನ ಮಂಡಿನೋವು ಕೇಳಲೆಂದು ಮತ್ತೆ ಮತ್ತೆ ಫೋನು ಮಾಡಿದೆಯಲ್ಲ, ನನ್ನ ಮಂಡಿಯ ಮೇಲೆ ಅಷ್ಟು ಅಕ್ಕರೆ ಎಲ್ಲಿಂದ ಬಂತು ಎಂದು ನನಗೆ ಗೊತ್ತಾಗದೆ ಇರುತ್ತದೆಯೇ? ಅದಕ್ಕೇ ನನಗೆ ಭಯ. ಹಿಂದೆ ಬಂದ ಎರಡು ಸಂಬಂಧವೂ ನೀರಿಲ್ಲದ ದೆಸೆಯಿಂದಲೇ ಕೈತಪ್ಪಿದ್ದು ನಿನಗೂ ಗೊತ್ತು. ಈಗಿನವರು ಹೊಲ ಎಷ್ಟು ಎಂದು ಆಮೇಲೆ ಕೇಳುತ್ತಾರೆ, ನೀರು ಹೇಗೆ ಎಂದು ಮೊದಲು ಕೇಳುತ್ತಾರೆ. ಯಾರೋ ಒಬ್ಬ ಹಿರಿಯ ಹೆಂಗಸು ಬಚ್ಚಲು ಎಲ್ಲಿ ಎಂದು ಕೇಳುವ ನೆಪದಲ್ಲಿ ಹಿತ್ತಲಿಗೆ ಹೋಗಿ ಡ್ರಮ್ಮಿನ ಮುಚ್ಚಳ ಎತ್ತಿ ನೋಡುತ್ತಾಳೆ. ತಪ್ಪೇನಿಲ್ಲ, ನಿಮ್ಮ ಸೋದರತ್ತೆಯನ್ನು ಮದುವೆ ಮಾಡಿ ಕೊಡುವಾಗ ನಾನೂ ಎತ್ತಿ ನೋಡಿದವಳೇ.

ಈ ಸಲ ನಿಮ್ಮಪ್ಪ ಒಂದು ಉಪಾಯ ಹೂಡಿದ್ದ. ಶನಿವಾರವೇ ಟ್ಯಾಂಕರಿಗೆ ಹೇಳಿ, ಸಂಪು ಡ್ರಮ್ಮು ಎಲ್ಲ ತುಂಬಿಸಿ, ಅವರು ಬರುವ ಹೊತ್ತಿಗೆ ಸರಿಯಾಗಿ ಪೈಪು ಹಿಡಿದು ನಿನ್ನ ಕಾರು ತೊಳೆಯುತ್ತಾ ನಿಲ್ಲುವುದು. ನೀರು ಬೀದಿಯುದ್ದಕ್ಕೂ ಹರಿದು ಅವರ ಕಾಲಿಗೆ ತಾಗಬೇಕಂತೆ. ನೀನು ಹೋದಾಗಿನಿಂದ ಕಾರು ಶೀಟಿನ ಕೆಳಗೆ ನಿಂತು, ಲಾರಿಗಳ ಧೂಳು ಕೂತು, ಕಪ್ಪು ಬಣ್ಣವೇ ಮಣ್ಣಿನ ಬಣ್ಣಕ್ಕೆ ತಿರುಗಿತ್ತು, ತೊಳೆಯಬೇಕಾಗಿದ್ದೇನೋ ನಿಜ. ಆದರೆ ನನಗೆ ಸಿಟ್ಟು ನೆತ್ತಿಗೇರಿತು. ‘ಸಾವಿರ ಸುಳ್ಳು ಹೇಳಿ ಒಂದು ಮದ್ವೆ ಮಾಡು ಅಂತಾರಲ್ಲವ್ವ’ ಎಂದ. ‘ಆ ಸಾವಿರದಾಗೆ ನೀರಿನ ಸುಳ್ಳು ಸೇರಿಲ್ಲ ಕಣೋ ಬೀರೇಶ, ಮಾರನೇ ದಿನ ಬೆಳಗ್ಗೆ ಬಚ್ಚಲಿಗೋದ್ರೆ ಗೊತ್ತಾಗ್ಬಿಡ್ತದೆ’ ಎಂದೆ. ಟ್ಯಾಂಕರಿನವನಿಗೆ ಬರಬೇಡ ಎಂದು ನಾನೇ ಹೇಳಿಸಿದೆ. ಕಾರನ್ನು ಮಾತ್ರ ಸಂಜೆ ಶೀಟಿನ ಕೆಳಗಿಂದ ತೆಗೆಸಿ, ಇಬ್ಬನಿ ಚೆನ್ನಾಗಿ ಬೀಳುವ ಕಣದ ಬಯಲಲ್ಲಿ ನಿಲ್ಲಿಸಿದೆ. ನಿಮ್ಮಪ್ಪ ನನಗೆ ಅರಳುಮರಳು ಎಂದುಕೊಂಡ. ನಿಮ್ಮಮ್ಮ ಜ್ಯೋತಿ ನಿಮ್ಮಜ್ಜನ ಹಳೆಯ ಪಂಚೆಗಳನ್ನು ಹುಡುಕಿ ತಂದುಕೊಟ್ಟಳು.

ಭಾನುವಾರ ಬೆಳಕು ಹರಿಯುವ ಮುಂಚೆ ಎದ್ದು ಹೋದೆ. ಮಗಾ, ಆ ಹೊತ್ತನ್ನು ನಿನಗೆ ಹೇಗೆ ಹೇಳಲಿ. ಮಂಜಿನಲ್ಲಿ ಕಣವೂ ಇಲ್ಲ, ಬೇಲಿಯೂ ಇಲ್ಲ, ಕೆರೆಯಿಂದ ಎದ್ದು ಬಂದ ಎಮ್ಮೆಯ ಹಾಗೆ ನಿನ್ನ ಕಾರು ಒಂದೇ ಮಲಗಿತ್ತು. ಮೈತುಂಬಾ ಇಬ್ಬನಿ. ಧೂಳೆಲ್ಲ ನೆನೆದು ಮೆತ್ತಗಾಗಿತ್ತು. ಹೆದ್ದಾರಿ ಕಡೆಯಿಂದ ಲಾರಿಗಳ ಸದ್ದು ಬರುತ್ತಿತ್ತು, ಆದರೆ ಬೇರೆ ಯಾವುದೋ ಊರಿನದು ಅನ್ನಿಸುತ್ತಿತ್ತು. ನೀನು ರಜೆಯಲ್ಲಿ ಬಂದಾಗ ಹೇಳಿಕೊಟ್ಟಿದ್ದೆಯಲ್ಲ, ‘ಸುತ್ತ ಸುತ್ತ ಉಜ್ಬೇಡ ಅಜ್ಜಿ, ಗೆರೆ ಬೀಳ್ತದೆ’ ಎಂದು, ಹಾಗೇ ಮಾಡಿದೆ. ಪಂಚೆಯನ್ನು ಮಡಿಸಿ, ಮೇಲಿಂದ ಒಂದೇ ಕಡೆಗೆ ಮೆಲ್ಲಗೆ ಎಳೆಯುವುದು, ಕೊಳೆಯಾದ ಮಗ್ಗುಲನ್ನು ಒಳಗೆ ಮಡಿಸಿ ಹೊಸ ಮಗ್ಗುಲು ತೆಗೆಯುವುದು. ಮೊದಲು ತಲೆ, ಆಮೇಲೆ ಗಾಜು, ಆಮೇಲೆ ಬಾಗಿಲು. ಬಟ್ಟೆ ಜಾಲಿಸಲು ಅರ್ಧ ಬಕೆಟ್ ನೀರು, ಹಿಂಡಿದ್ದೂ ಬಕೆಟ್ಟಿಗೇ. ಆ ಕೆಸರು ನೀರಲ್ಲೇ ಹಳೇ ಗೋಣಿ ಅದ್ದಿ ಕೊನೆಗೆ ಚಕ್ರ ಒರೆಸಿದೆ. ಉಳಿದದ್ದು ಕರಿಬೇವಿನ ಬುಡಕ್ಕೆ. ಬಾನೆಟ್ಟಿನ ಮೇಲೆ ಒರೆಸುವ ಮುಂಚೆ ಇಬ್ಬನಿಯಲ್ಲಿ ಬೆರಳಿನಿಂದ ‘ದೇವು’ ಎಂದು ಬರೆದೆ. ಅಕ್ಷರ ಇಳಿದು ಹನಿಯಾಗಿ ಜಾರುವವರೆಗೂ ನೋಡುತ್ತಾ ನಿಂತಿದ್ದೆ.

ನಗಬೇಡ, ಆಮೇಲೆ ನನಗೆ ನಿದ್ದೆಯೋ ಎಚ್ಚರವೋ ತಿಳಿಯದ ಹಾಗೆ ಆಯಿತು. ನೀನು ಹುಟ್ಟಿದ ಹೊಸದರಲ್ಲಿ ಕಾಲು ಚಾಚಿ ನಿನ್ನನ್ನು ಮಲಗಿಸಿಕೊಂಡು ನೀರು ಹಾಕುತ್ತಿದ್ದೆ. ಆಗಲೂ ನೀರು ಕಡಿಮೆಯೇ. ಒಂದು ಚೆಂಬಿನಲ್ಲಿ ತಲೆ, ಇನ್ನೊಂದರಲ್ಲಿ ಮೈ, ನೀನು ಕಣ್ಣು ಬಿಟ್ಟುಕೊಂಡು ಸುಮ್ಮನೆ ಮಲಗಿರುತ್ತಿದ್ದೆ. ಬಾಗಿಲಿನ ಬಾಗನ್ನು ಒರೆಸುವಾಗ ನಿನ್ನ ಬೆನ್ನು ಕೈಗೆ ಸಿಕ್ಕ ಹಾಗಾಯಿತು. ಒಳಗೆ ಕೂತು ಗಾಳಿ ಬರುವ ಕಿಂಡಿಗಳನ್ನು ಬಣ್ಣ ಬಳಿಯುವ ಕುಂಚದಿಂದ ಗುಡಿಸಿದೆ, ಗಾಜನ್ನು ಹಳೇ ಪೇಪರಿನಿಂದ ಉಜ್ಜಿದೆ, ಬಣ್ಣಗೆಟ್ಟ ಕಪ್ಪು ಬಂಪರಿಗೆ ಎರಡು ತೊಟ್ಟು ಕೊಬ್ಬರಿ ಎಣ್ಣೆ ಸವರಿದೆ. ಇಷ್ಟು ಹೊತ್ತೂ ನೀನು ಹಿಂದಿನ ಸೀಟಿನಲ್ಲಿ ಕೂತಿದ್ದೀಯ ಎಂದೇ ಮಾತಾಡುತ್ತಿದ್ದೆ. ಮಂಜು ಸರಿದು ಬಿಸಿಲು ಬಿದ್ದಾಗ ಆ ಕಪ್ಪಿನೊಳಗೆ ಆಕಾಶ ಕಂಡಿತು, ನನ್ನ ಮುಖವೂ ಕಂಡಿತು. ತಲೆ ಬಾಚಿಕೊಂಡಿಲ್ಲ ಎಂದು ಆಗ ನೆನಪಾಗಿ ಒಳಗೆ ಓಡಿದೆ.

ಅವರು ಬಂದರು, ಕಾಫಿ ಕುಡಿದರು. ಸೋದರತ್ತೆ ಬಚ್ಚಲು ಕೇಳಿದಳು, ಹಿತ್ತಲಿಗೆ ಹೋದಳು, ಮುಚ್ಚಳ ಎತ್ತಿದಳು. ವಾಪಸ್ಸು ಬಂದು ‘ನೀರು ಎಷ್ಟು ದಿನಕ್ಕೊಂದ್ಸಲ ಬತ್ತದೆ?’ ಎಂದಳು. ನಿಮ್ಮಪ್ಪ ಬಾಯಿ ತೆರೆಯುವಷ್ಟರಲ್ಲಿ ನಾನು ‘ನಾಕು ದಿನಕ್ಕೊಂದ್ಸಲ, ಕೈಕೊಟ್ರೆ ವಾರ’ ಎಂದೆ. ಆವಲಪ್ಪನವರು ಲೋಟ ಕೆಳಗಿಟ್ಟರು. ಕಣದಲ್ಲಿ ಥಳಥಳ ಹೊಳೆಯುತ್ತಿದ್ದ ಕಾರನ್ನು ನೋಡಿ, ‘ಡ್ರಮ್ಮಿನಾಗೆ ತಳದಾಗೈತೆ ನೀರು, ಕಾರಿಗೆ ಮಾತ್ರ ಅಭಿಷೇಕ ಮಾಡವ್ರೆ. ಇಂಥ ಷೋಕಿ ಮನೆಗೆ ಹೆಂಗಪ್ಪ ಹೆಣ್ಣು ಕೊಡೋದು’ ಎಂದು ಅಕ್ಕನಿಗೆ ಹೇಳಿದರು, ನಮಗೂ ಕೇಳುವ ಹಾಗೆ. ಸುಳ್ಳು ಹೇಳಿದ್ದರೂ ಸಂಬಂಧ ಹೋಗುತ್ತಿತ್ತು, ನಿಜ ಹೇಳಿಯೂ ಹೋಗುತ್ತಿದೆಯಲ್ಲಾ ಎನ್ನಿಸಿತು. ಇಬ್ಬನಿಯಲ್ಲಿ ಒರೆಸಿದ್ದು ಎಂದೆ. ಸೋದರತ್ತೆ ನಕ್ಕಳು. ನಿಮ್ಮಪ್ಪ ನನ್ನ ಕಡೆ ನೋಡಿದ ನೋಟಕ್ಕೆ ನಾನು ಸೆರಗು ಸರಿಮಾಡಿಕೊಂಡು ತಲೆ ತಗ್ಗಿಸಿದೆ.

ಆಗ ಆ ಹುಡುಗಿ ಎದ್ದು ಕಣಕ್ಕೆ ಹೋದಳು. ಒಳ್ಳೆಯ ಸೀರೆ ಉಟ್ಟಿದ್ದಳು, ಅದರ ಚಿಂತೆಯಿಲ್ಲದೆ ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಅದರ ಅಡಿಗೆ ಬಗ್ಗಿ ನೋಡಿದಳು. ಕೈಯನ್ನೂ ಒಳಗೆ ಹಾಕಿ ನೆಲ ಮುಟ್ಟಿದಳು. ‘ಅಪ್ಪಾ, ಬನ್ನಿ ಇಲ್ಲಿ. ನೀರು ಸುರಿದಿದ್ರೆ ಇಲ್ಲಿ ಕೆಸರಿರ್ಬೇಕಿತ್ತಲ್ವಾ? ಧೂಳೈತೆ. ಕೋಳಿ ಹೆಜ್ಜೆ ಕೂಡಾ ಅಳಿಸಿಲ್ಲ’ ಎಂದಳು. ಆವಲಪ್ಪನವರು ಹೋಗಿ ಬಗ್ಗಿದರು. ಸೋದರತ್ತೆಯೂ ಸೊಂಟ ಹಿಡಿದುಕೊಂಡು ಬಗ್ಗಿದಳು. ಹೆಣ್ಣಿನ ಕಡೆಯವರು ಮೂವರೂ ಕಾರಿನ ಕೆಳಗೆ ಕೋಳಿಯ ಹೆಜ್ಜೆ ನೋಡುತ್ತಾ ನಿಂತಿದ್ದನ್ನು ನೀನು ನೋಡಬೇಕಿತ್ತು. ಆಮೇಲೆ ಶಾಮಲಾ ನನ್ನ ಹತ್ತಿರ ಬಂದು ‘ಯಾವ ಬಟ್ಟೆ ಅಜ್ಜಿ’ ಎಂದು ಕೇಳಿದಳು. ಪಂಚೆ ತೋರಿಸಿದೆ. ಅವಳೇ ಮಡಿಸಿ, ನಾನು ಬಿಟ್ಟಿದ್ದ ಕನ್ನಡಿಯ ಹಿಂಬದಿಯನ್ನು ಒರೆಸಿದಳು, ಒಂದೇ ಕಡೆಗೆ, ಹೇಳಿಕೊಡದೆಯೇ. ನನಗೆ ಅವಳ ಮೇಲೆ ಮನಸ್ಸು ಬಂದದ್ದು ಆ ಗಳಿಗೆಯಲ್ಲಿ. ಇಂಥ ಹುಡುಗಿ ಕೈತಪ್ಪಿದರೆ ನಾನು ಬಹಳ ಅಳುತ್ತೇನೆ ಮಗಾ, ನೇರವಾಗಿ ಹೇಳಿಬಿಡುತ್ತೇನೆ.

ಆದರೆ ಹೊರಡುವಾಗ ಆವಲಪ್ಪನವರು ‘ಯೋಚ್ನೆ ಮಾಡಿ ತಿಳಿಸ್ತೀವಿ’ ಎಂದರು. ಹಿಂದಿನವರು ಹೇಳಿದ್ದೂ ಇದೇ ಮಾತು. ಕೆಸರಿಲ್ಲ ಎಂದು ಗೊತ್ತಾದರೂ ನಾಲ್ಕು ದಿನಕ್ಕೊಮ್ಮೆ ಎನ್ನುವುದು ಗೊತ್ತಾಯಿತಲ್ಲ. ನಿನ್ನೆಯೆಲ್ಲ ಫೋನಿಲ್ಲ. ನಿಮ್ಮಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾನೆ, ತಟ್ಟೆ ಮುಂದಿಟ್ಟರೆ ಉಣ್ಣುತ್ತಾನೆ ಅಷ್ಟೆ. ಈ ಸಂಬಂಧ ಹೋದರೆ ಅದು ನನ್ನ ನಾಲಿಗೆಯಿಂದ ಹೋಯಿತು ಎಂದು ತಿಳಿ, ನಿಮ್ಮಪ್ಪನನ್ನು ಬೈಯಬೇಡ. ಆದರೂ ಮತ್ತೆ ಯಾರಾದರೂ ಕೇಳಿದರೆ ನಾನು ಅದನ್ನೇ ಹೇಳುವವಳು. ಬರುವವಳಿಗೆ ಗೊತ್ತಿರಬೇಕು.

ನಿಮ್ಮಮ್ಮ ಹುರಿಹಿಟ್ಟು ಕಟ್ಟಿಟ್ಟಿದ್ದಾಳೆ, ಬೇರೆಯಾಗಿ ಕಳಿಸುತ್ತೇವೆ. ನೀನು ನಿಂತ ನೆಲ ಗಟ್ಟಿಯಾಗಿರಲಿ, ನಿನ್ನ ಪಕ್ಕ ನಿಂತ ಹುಡುಗರೂ ಅವರವರ ಅಜ್ಜಿಯರ ಪುಣ್ಯದಿಂದ ಚೆನ್ನಾಗಿರಲಿ. ಇಲ್ಲಿಂದಲೇ ನಿನ್ನ ಕೆನ್ನೆಗೆ ಕೈಯಿಟ್ಟಂತೆ ನೆಟಿಕೆ ಮುರಿದಿದ್ದೇನೆ.

ಇಂತಿ ನಿನ್ನ ಅಜ್ಜಿ,
ಅಕ್ಕಯಮ್ಮ

ಮರೆತಿದ್ದು: ಮರೆತದ್ದಲ್ಲ, ಈಗ ಆದದ್ದು. ಕವರಿಗೆ ಅಂಟು ಹಚ್ಚುತ್ತಿದ್ದೆ, ಫೋನು ಬಂತು. ನಿಮ್ಮಪ್ಪನ ನಂಬರಿಗಲ್ಲ, ನನ್ನ ಡಬ್ಬಾ ಫೋನಿಗೆ. ಶಾಮಲಾ. ನನ್ನ ನಂಬರನ್ನು ನಿಮ್ಮಮ್ಮನ ಹತ್ತಿರ ಯಾವಾಗ ಇಸಕೊಂಡಳೋ. ಮನೆಯವರು ಏನೆಂದರಮ್ಮಾ ಎಂದು ಕೇಳಿದೆ. ‘ನಮ್ಮಪ್ಪ ಇನ್ನೂ ಯೋಚ್ನೆ ಮಾಡ್ತಾ ಅವ್ರೆ ಅಜ್ಜಿ. ನಂದು ಮುಗೀತು’ ಎಂದಳು. ಅವರಪ್ಪನನ್ನು ಒಪ್ಪಿಸುವುದು ಅವಳ ಪಾಲಿನದಂತೆ. ನಿನ್ನ ಪಾಲಿನದು ಒಂದೇ ಕೆಲಸ, ಈ ಕಾಗದ ಕೈಗೆ ಸಿಕ್ಕ ದಿನವೇ ರಜೆಗೆ ಬರೆದುಕೊಡು.